ಒಂದೇ ಸಲ ಕೈ ಬದಲಿಸಬಹುದು

ಫೆಬ್ರವರಿ 4, ರಾತ್ರಿ 2:35

ಅಲ್ಲ, ತುಕ್ಕು ಹಿಡಿಯಬಾರದು ಎಂದು ತಾನೇ ನಾನು ಎಣ್ಣೆ ಹಚ್ಚಿದ್ದು? ಬೆಳಿಗ್ಗೆ ಟ್ರಾಮ್ ತಪ್ಪಿತು, ಬೂಟಿನೊಳಗೆ ಹಿಮ ಹೋಯಿತು, ಈಜುಕೊಳದ ಹುಡುಗಿಯರು ಉದ್ದಕ್ಕೂ ನೀರು ಸುರಿಸಿಕೊಂಡು ಹೋದ ಕಾರಿಡಾರನ್ನು ಮೂರು ಸಲ ಒರೆಸಿದೆ. ಅಷ್ಟಾದ ಮೇಲೂ ಒಳ್ಳೆಯ ಮನಸ್ಸಿನಿಂದಲೇ ಕ್ರೀಡಾಭವನದ ನೆಲಮಾಳಿಗೆಗೆ ಇಳಿದು ಆ ಕಬ್ಬಿಣದ ಗುಂಡುಗಳನ್ನೆಲ್ಲ ತೊಳೆದೆ. ಗಿರ್ಯಾ ಅನ್ನುತ್ತಾರೆ. ಮೇಲೊಂದು ಹಿಡಿ ಇರುವ ಗುಂಡು. ನಮ್ಮೂರ ಸಂತೆಯಲ್ಲಿ ಆಲೂಗಡ್ಡೆ ತೂಗಲು ಇಟ್ಟಿರುತ್ತಿದ್ದರಲ್ಲ, ಅದೇ ಜಾತಿ. ಹಿಡಿಗಳ ಮೇಲೆ ಸುಣ್ಣದಂಥ ಬಿಳಿ ಪುಡಿ ಪದರು ಪದರಾಗಿ ಕೂತಿತ್ತು. ಕೊಳೆ ಎಂದುಕೊಂಡೆ. ಬಿಸಿನೀರು, ಸೋಡಾ, ಬ್ರಷ್ಷು. ಇಪ್ಪತ್ತೆರಡು ಗುಂಡು. ಆಮೇಲೆ ಊರಲ್ಲಿ ಅಮ್ಮ ಕಬ್ಬಿಣದ ಬಾಣಲೆಗೆ ಮಾಡುವ ಹಾಗೆ ಸೂರ್ಯಕಾಂತಿ ಎಣ್ಣೆ ಸವರಿ ಫಳಫಳ ಮಾಡಿಟ್ಟೆ.

ಸಂಜೆ ಗೆನ್ನಾದಿ ಫ್ಯೋದೊರೊವಿಚ್ ಬಂದರು. ಮೋಟಾರು ಕಾರ್ಖಾನೆಯಲ್ಲಿ ನಲವತ್ತು ವರ್ಷ ಲೇತ್ ಓಡಿಸಿ ನಿವೃತ್ತರಾದ ಮುದುಕ, ಈಗ ಗುಂಡೆತ್ತುವುದನ್ನು ಕಲಿಸುತ್ತಾರೆ. ಒಂದನ್ನು ಕಾಲುಗಳ ಸಂದಿಯಿಂದ ಬೀಸಿ ಎತ್ತಿದ್ದೇ ತಡ, ಅದು ಕೈಜಾರಿ ಗೋಡೆಗೆ ಹೋಗಿ ಬಡಿಯಿತು. ಸದ್ಯ, ಎದುರಿಗೆ ಯಾರೂ ಇರಲಿಲ್ಲ. ಅವರು ಕಿರುಚಲಿಲ್ಲ. ಹೋಗಿ ಎತ್ತಿಕೊಂಡು ಹಿಡಿಯನ್ನು ಮೂಸಿ ನೋಡಿದರು.

"ಇದ್ರಲ್ಲಿ ಮೀನು ಏನಾದ್ರೂ ಕರಿದ್ಯಾ ತಾಯಿ?"

ಕೈ ಜಾರದಿರಲಿ ಎಂದು ಹಚ್ಚುವ ಪುಡಿಯಂತೆ ಅದು. ಹದಿನೈದು ವರ್ಷದಿಂದ ಹಿಡಿಗೆ ಕಚ್ಚಿಕೊಂಡು ಹದವಾಗಿತ್ತಂತೆ. ನಾಳೆಯಿಂದ ಉಪ್ಪುಕಾಗದ ಹಿಡಿದು ಇಪ್ಪತ್ತೆರಡನ್ನೂ ಉಜ್ಜಿ ಸರಿಮಾಡಿ ಕೊಡಬೇಕು. ನೆಲ ಒರೆಸುವವಳು ನಾನು, ಕಮ್ಮಾರಳಲ್ಲ.

ಬೆನ್ನು ಸಿಡಿಯುತ್ತಿದೆ. ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ. ಮೇರಿಮ್ ಅಕ್ಕ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ, ದೊಡ್ಡಪ್ಪನ ಮಗಳಾದರೂ ಆ ಗೊರಕೆ ನಮ್ಮ ವಂಶದ್ದಲ್ಲ. ನಾನು ಕೆಲಸಗಾರರ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೂತು ಫೋನಿಗೆ ಪಿಸುಗುಡುತ್ತಿದ್ದೇನೆ. ಯಾರಿಗೂ ಕಳಿಸುವ ಮಾತಲ್ಲ, ಸುಮ್ಮನೆ. ಈ ಪೆರ್ಮ್ ಊರು ಸಾಕಾಯಿತು. ತ್ಯುಮೆನ್‌ನಲ್ಲಿ ಯಾವುದೋ ಗೋದಾಮಿಗೆ ಜನ ಬೇಕಂತೆ. ಒಂದೂವರೆ ವರ್ಷದಲ್ಲಿ ಇದು ಐದನೆಯ ಕೆಲಸ. ಆರನೆಯದೂ ಆಗಿಹೋಗಲಿ.

ಅಮ್ಮ ಮೂರು ಸಲ ಫೋನ್ ಮಾಡಿದ್ದಳು. ಎತ್ತಲಿಲ್ಲ.

ಫೆಬ್ರವರಿ 6, ರಾತ್ರಿ 1:50

ಇವತ್ತು ಎತ್ತಿದೆ. ಎತ್ತಬಾರದಿತ್ತು.

ಜೂನ್‌ನಲ್ಲಿ ಸರ್ಟಿಫಿಕೇಟ್ ಕೊಡುವುದು ಯಾವ ತಾರೀಖು ಎಂದು ಕೇಳಿದಳು. ಮೇ ತಿಂಗಳಲ್ಲಿ ಟಿಕೆಟ್ ತೆಗೆಸುತ್ತಾಳಂತೆ, ತಾನೇ ಬಂದು ಕಣ್ಣಾರೆ ನೋಡುತ್ತಾಳಂತೆ. ತರಗತಿ ಶುರುವಾಯಿತು ಎಂದು ಹೇಳಿ ಮಾತು ಮುಗಿಸಿದೆ. ರಾತ್ರಿ ಒಂಬತ್ತಕ್ಕೆ ಯಾವ ತರಗತಿ? ಅವಳು ಅದನ್ನೂ ನಂಬಿದಳು. "ಓದ್ಕೋ ಮಗಳೇ, ಓದ್ಕೋ" ಅಂದಳು.

ಫೋನಿಗಾದರೂ ಸರಿಯಾಗಿ ಹೇಳಿಬಿಡುತ್ತೇನೆ. ನರ್ಸಿಂಗ್ ಕಾಲೇಜು ಬಿಟ್ಟು ಹದಿನೇಳು ತಿಂಗಳಾಯಿತು. ಅಂಗರಚನೆಯ ಪರೀಕ್ಷೆ. ಮೇಜಿನ ಮೇಲೆ ಪ್ರಶ್ನೆ ಬರೆದ ಚೀಟಿಗಳನ್ನು ಹರಡಿದ್ದರು, ಒಂದನ್ನು ಎತ್ತಿದೆ. ಮೊದಲ ಪ್ರಶ್ನೆ ಗೊತ್ತಿರಲಿಲ್ಲ. ಎರಡನೆಯದು ಗೊತ್ತಿತ್ತು, ಮೂರನೆಯದೂ ಸ್ವಲ್ಪ ಗೊತ್ತಿತ್ತು. ಕೂತು ಯೋಚಿಸಲು ಇಪ್ಪತ್ತು ನಿಮಿಷ ಕೊಡುತ್ತಾರೆ. ನಾನು ಚೀಟಿಯನ್ನು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು, ಬಂದ ಟ್ರಾಮ್ ಹತ್ತಿ ಹೊರಟುಬಿಟ್ಟೆ. ಮತ್ತೆ ಹೋಗಲಿಲ್ಲ. ಅಮ್ಮನ ಲೆಕ್ಕದಲ್ಲಿ ನಾನಿನ್ನೂ ಅಲ್ಲೇ ಕೂತು ಬರೆಯುತ್ತಿದ್ದೇನೆ.

ಒಂಬತ್ತು ಗುಂಡು ಉಜ್ಜಿ ಮುಗಿಯಿತು. ಉಜ್ಜಿದ್ದನ್ನು ನಾನೇ ಎತ್ತಿ ನೋಡಬೇಕಂತೆ. "ನಿನ್ ಕೈಗೇ ಹಿಡಿತ ಸಿಕ್ರೆ ಇನ್ಯಾರಿಗೆ ಸಿಗಲ್ಲ" ಎಂದರು ಮುದುಕ. ಎಂಟು ಕೇಜಿಯದನ್ನು ಬೀಸಿದೆ. ಮೂವತ್ತು ಸಲ. ಮೆಟ್ಟಿಲ ಮೇಲೆ ಕೂತು ನಾಯಿಯ ಹಾಗೆ ಏದುಸಿರು ಬಿಟ್ಟೆ.

ಫೆಬ್ರವರಿ 13, ರಾತ್ರಿ 1:05

ಕ್ರೀಡಾಭವನದಲ್ಲಿ ಕೆಲಸ ಮುಗಿದ ಮೇಲೆ ನೆಲಮಾಳಿಗೆಗೆ ಹೋಗುತ್ತಿದ್ದೇನೆ. ಬೇರೇನಕ್ಕೂ ಅಲ್ಲ. ಅಲ್ಲಿ ಬಿಸಿಗಾಳಿಯ ಕೊಳವೆ ಇದೆ, ಹಾಸ್ಟೆಲಿಗಿಂತ ಬೆಚ್ಚಗಿರುತ್ತದೆ, ಜೋಯಾ ಚಿಕ್ಕಮ್ಮ ಥರ್ಮಾಸಿನಲ್ಲಿ ಚಹಾ ತರುತ್ತಾರೆ.

ಜೋಯಾ ಚಿಕ್ಕಮ್ಮ ನಂಟರಲ್ಲ, ಎಲ್ಲರೂ ಹಾಗೆಯೇ ಕರೆಯುತ್ತಾರೆ, ವಯಸ್ಸು ಐವತ್ತಮೂರು. ನಾಲ್ಕನೇ ನಂಬರಿನ ಟ್ರಾಮ್ ಓಡಿಸುತ್ತಾರೆ. ಇಡೀ ದಿನ ಕೂತು ಬಂದು ಹದಿನಾರು ಕೇಜಿಯ ಗುಂಡನ್ನು ಹತ್ತು ನಿಮಿಷ ನೆಲಕ್ಕೆ ಮುಟ್ಟಿಸದೆ ಎತ್ತುತ್ತಾರೆ. ಎತ್ತುವುದೆಂದರೆ ಒಂದೇ ಕೈಯಲ್ಲಿ ಕಾಲ ಸಂದಿಯಿಂದ ಬೀಸಿ ನೇರ ತಲೆಯ ಮೇಲಕ್ಕೆ, ಅಲ್ಲಿ ಕೈ ನೆಟ್ಟಗೆ ನಿಲ್ಲಬೇಕು, ಮತ್ತೆ ಕೆಳಗೆ, ಮತ್ತೆ ಮೇಲೆ. ನನ್ನನ್ನು ನೋಡಿ ಅವರಿಗೆ ನಗುವೋ ನಗು.

"ಏನೇ ಬೇಗಿಮಾಯ್, ಸೊಳ್ಳೆ ಓಡಿಸ್ತಿದೀಯಾ? ಸೊಂಟ ಅಂತ ಒಂದಿದೆ, ಅದನ್ನೂ ಕರ್ಕೊಂಡು ಬಾ."

ಮುದುಕರದ್ದು ಬೇರೆಯೇ ಪಾಠ. ನನಗೆ ಸುಸ್ತಾದಾಗ ಗುಂಡನ್ನು ಬೇಗ ಬೇಗ ಬೀಸಿ ಮುಗಿಸಲು ನೋಡುತ್ತೇನಂತೆ. ತಪ್ಪಂತೆ. ದಣಿವಾದಾಗ ಅದನ್ನು ತಲೆಯ ಮೇಲೆ ಹಿಡಿದು ಸುಮ್ಮನೆ ನಿಲ್ಲಬೇಕು, ಮೊಣಕೈಗೆ ಅಗುಳಿ ಹಾಕಿದ ಹಾಗೆ. ಆಗ ಭಾರ ಕೈಯ ಮೇಲಲ್ಲ, ಎಲುಬಿನ ಮೇಲೆ ಕೂರುತ್ತದೆ. ಎರಡು ಸಲ ಉಸಿರು ಬಿಡಬೇಕು. ವಿಶ್ರಾಂತಿ ಇರುವುದು ಅಲ್ಲಿ, ನೆಲದ ಮೇಲಲ್ಲ ಎನ್ನುತ್ತಾರೆ. ಭಾರವನ್ನು ತಲೆಯ ಮೇಲಿಟ್ಟುಕೊಂಡು ಯಾರಾದರೂ ವಿಶ್ರಾಂತಿ ಪಡೆಯುತ್ತಾರೆಯೇ? ಈ ಜನಕ್ಕೆ ಚಳಿಯಲ್ಲಿ ತಲೆ ಕೆಟ್ಟಿದೆ.

ಫೆಬ್ರವರಿ 14, ಬೆಳಿಗ್ಗೆ 8:10

ಅಲಾರಾಂ ಕೇಳಿಸಲೇ ಇಲ್ಲ. ಎದ್ದಾಗ ಏಳೂವರೆ. ದರಿದ್ರ ಫೋನು. ಟ್ರಾಮ್‌ನಲ್ಲಿದ್ದೇನೆ, ಬಾಯಿ ತೊಳೆದಿಲ್ಲ.

ಮಾರ್ಚ್ 2, ರಾತ್ರಿ 11:30

ಅಂಗೈಯಲ್ಲಿ ಜಡ್ಡುಗಟ್ಟಿದ ನಾಲ್ಕು ಗಂಟು. ಮುದುಕರು ಅದನ್ನು ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲಿನಿಂದ ತಿಕ್ಕಿ ಸಮ ಮಾಡಿಕೋ, ಇಲ್ಲದಿದ್ದರೆ ಕಿತ್ತುಬರುತ್ತದೆ ಎಂದರು. ಮೇರಿಮ್ ಅಕ್ಕ ನನ್ನ ಕೈ ಹಿಡಿದು ನೋಡಿ, ಇಂಥ ಕೈ ಇರುವವಳನ್ನು ಯಾವ ಅತ್ತೆಯೂ ಬಿಡುವುದಿಲ್ಲ, ಮನೆಯ ಹಟ್ಟಿ ಕೆಲಸಕ್ಕೆ ಆಳೇ ಬೇಕಿಲ್ಲ ಎಂದು ಆಡಿಕೊಂಡಳು. ಬೇಕರಿಯಲ್ಲಿ ಕೆಲಸ ಮಾಡುವವಳಿಗೆ ಅಂಗೈ ಬೆಣ್ಣೆಯ ಹಾಗಿದೆ, ಮಾತಾಡುತ್ತಾಳೆ.

ಇವತ್ತೊಂದು ಎಡವಟ್ಟು. ಎತ್ತಿ ಮುಗಿಸಿದ ಮೇಲೆ ಎಲ್ಲರೂ ನಾಡಿ ಎಣಿಸಿ ಹೇಳಬೇಕು. ಜೋಯಾ ಚಿಕ್ಕಮ್ಮನಿಗೆ ತನ್ನದು ಯಾವತ್ತೂ ಸಿಗುವುದಿಲ್ಲ. ನಾನು ಯೋಚಿಸದೆ ಅವರ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡಿ, ನೂರ ಐವತ್ತೆರಡು ಎಂದೆ. ಒಂದು ನಿಮಿಷ ಬಿಟ್ಟು ಮತ್ತೆ ಹಿಡಿದು ನೂರ ಎಂಟು ಎಂದೆ. ಹೃದಯ ಚೆನ್ನಾಗಿದೆ, ಇಷ್ಟು ಬೇಗ ಇಳಿಯುವುದು ಒಳ್ಳೆಯ ಲಕ್ಷಣ ಎಂದೂ ಹೇಳಿದೆ. ಅವರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಇದನ್ನ ಯಾರು ಕಲಿಸಿದ್ರು ನಿಂಗೆ?"

ಹೇಳಿದೆ. ಯಾಕೆ ಹೇಳಿದೆನೋ. ಕಾಲೇಜು, ಚೀಟಿ, ಅಮ್ಮ ಎಲ್ಲ. ಮೇರಿಮ್ ಅಕ್ಕನ ಬೇಕರಿಯ ಬಿಳಿ ಕೋಟು ಹಾಕಿಕೊಂಡು ಫೋಟೋ ತೆಗೆಸಿ ಅಮ್ಮನಿಗೆ ಕಳಿಸಿದ್ದನ್ನೂ. ಅಮ್ಮ ಅದಕ್ಕೆ ಚೌಕಟ್ಟು ಹಾಕಿಸಿದ್ದಾಳೆ. ಜೋಯಾ ಚಿಕ್ಕಮ್ಮ ಚಹಾ ಬಗ್ಗಿಸುತ್ತ ಒಂದೇ ಮಾತು ಕೇಳಿದರು.

"ಯಾವಾಗ ಹೇಳ್ತೀಯಾ? ಅವ್ರು ಬಂದು ರೈಲಿಂದ ಇಳಿದ್ಮೇಲಾ?"

ಸಿಟ್ಟು ಬಂತು. ಲೋಟ ಇಟ್ಟು ಎದ್ದು ಬಂದೆ. ನಾಳೆ ಹೋಗುವುದಿಲ್ಲ.

ಮಾರ್ಚ್ 3, ರಾತ್ರಿ 10:50

ಹೋದೆ. ನನ್ನ ಕೈಗವಸು ಅಲ್ಲೇ ಉಳಿದಿತ್ತಲ್ಲ.

ಜೋಯಾ ಚಿಕ್ಕಮ್ಮ ಹಿಂದಿನ ದಿನದ ಮಾತೇ ಎತ್ತಲಿಲ್ಲ. ಅದರ ಬದಲು ಏಪ್ರಿಲ್ 26ರ ನಗರ ಸ್ಪರ್ಧೆಗೆ ನನ್ನ ಹೆಸರು ಬರೆಸಿದ್ದಾರೆ, ಹನ್ನೆರಡು ಕೇಜಿಗೆ. ಕೇಳಲೂ ಇಲ್ಲ. ನಿಯಮ ಇಷ್ಟೇ. ಹತ್ತು ನಿಮಿಷ. ಗುಂಡು ನೆಲಕ್ಕೆ ಮುಟ್ಟಿದರೆ ಮುಗಿಯಿತು, ಭುಜದ ಮೇಲೆ ಇಟ್ಟರೂ ಮುಗಿಯಿತು. ಕೈ ಬದಲಿಸುವುದು ಒಂದೇ ಸಲ. ಎಲ್ಲರೂ ಐದನೇ ನಿಮಿಷಕ್ಕೆ ಬದಲಿಸುತ್ತಾರೆ.

ಹತ್ತು ನಿಮಿಷ ಏನು ಮಹಾ ಎಂದೆ. ಮುದುಕರು ಅಲ್ಲೇ ಬೇಳೆಯಂತೆ ಬೇಯಿಸಿದ ಗ್ರೆಚ್ಕಾ ಕಾಳು ತಿನ್ನುತ್ತ ಕೂತಿದ್ದರು, ಚಮಚ ನಿಲ್ಲಿಸಿ ನನ್ನನ್ನು ನೋಡಿ ಮತ್ತೆ ತಿನ್ನಲು ಶುರು ಮಾಡಿದರು.

ಮಾರ್ಚ್ 19, ರಾತ್ರಿ 10:15

ಮೂರು ನಿಮಿಷ ನಲವತ್ತು ಸೆಕೆಂಡು. ಅಷ್ಟಕ್ಕೇ ಇಳಿಸಿದೆ. ಮೊನ್ನೆಯೂ ಅಷ್ಟೇ, ಅದರ ಮೊದಲೂ ಅಷ್ಟೇ. ಒಟ್ಟು ಎಂಟು ಸಲ. ತಮಾಷೆಯೆಂದರೆ ಕೈ ಸೋತಿರುವುದಿಲ್ಲ. ಮುದುಕರು ನಾಡಿ ಹಿಡಿದು ನೋಡಿ, "ಇನ್ನೂ ಇಂಧನ ಇದೆ, ಗಾಡಿಯೋಳು ಹಾರ್ಕೊಂಡ್ಲು" ಎಂದರು. ಎದೆಯೊಳಗೆ ಒಂದು ತರಾತುರಿ ಶುರುವಾಗುತ್ತದೆ. ಹೊರಡು, ಹೊರಡು ಅನ್ನುತ್ತದೆ. ಕೈ ತಾನೇ ಕೆಳಗೆ ಹೋಗುತ್ತದೆ.

ಅಮ್ಮ ಫೋನ್ ಮಾಡಿ ಪಕ್ಕದ ಮನೆಯ ಝಾಕಿಪ್ ತಾತನ ಕೈಗೆ ಕೊಟ್ಟಳು. ರಕ್ತದೊತ್ತಡದ ಮಾತ್ರೆ ಬಿಡಬಹುದಾ ಎಂದು ತಾತ ಕೇಳಿದರು. ನೀನು ಹೇಳಿದರೆ ಬಿಡುತ್ತೇನೆ, ನೀನು ಓದಿದವಳು ಎಂದರು. ಬಿಡಬೇಡಿ, ಡಾಕ್ಟರನ್ನೇ ಕೇಳಿ, ಈ ವಾರವೇ ಹೋಗಿ ಎಂದು ನಾಲ್ಕು ಸಲ ಹೇಳಿದೆ. ಫೋನ್ ಇಟ್ಟ ಮೇಲೂ ಅದೇ ಯೋಚನೆ. ನಾನು ಬಾಯಿತಪ್ಪಿ ಹೂಂ ಅಂದಿದ್ದರೆ ತಾತ ಬಿಟ್ಟೇಬಿಡುತ್ತಿದ್ದರು.

ಏಪ್ರಿಲ್ 5, ರಾತ್ರಿ 9:40

ಕಾಮಾ ನದಿಯ ಮಂಜುಗಡ್ಡೆ ಒಡೆಯುತ್ತಿದೆ, ಊರೆಲ್ಲ ಕೆಸರು. ಒರೆಸಿದ್ದೇ ಒರೆಸಿದ್ದು.

ಮೇರಿಮ್ ಅಕ್ಕನಿಗೆ ನನ್ನ ಮೇಲೆ ದೂರುಗಳ ಪಟ್ಟಿ. ಅವಳು ತಂದ ಬೋರ್ಸೋಕ್, ಅದೇ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳನ್ನು, ಪೂರ್ತಿ ತಿಂದೆನಂತೆ. ಆರನೇ ಮಹಡಿಗೆ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತೇನಂತೆ, ಹಿಂದೆ ಬರುವವರು ಮನುಷ್ಯರಲ್ಲವೇ ಎಂದಳು. ರಾತ್ರಿ ಹತ್ತಕ್ಕೇ ದೀಪ ಆರಿಸು ಎಂದು ಪ್ರಾಣ ತಿನ್ನುತ್ತೇನಂತೆ. ಮೊದಲಾದರೆ ಅಡುಗೆಮನೆಗೆ ಹೋಗಿ ಗುನುಗುತ್ತಿದ್ದೆ, ಕೋಣೆ ತನಗೊಬ್ಬಳಿಗೇ ಇತ್ತು, ಈಗ ಅದೂ ಇಲ್ಲ ಎಂದಳು. ಆಮೇಲೆ ಕೇಳಿದಳು.

"ತ್ಯುಮೆನ್ ಏನಾಯ್ತೇ?"

"ಯಾವ ತ್ಯುಮೆನ್?"

ಅವಳು ತಲೆ ಚಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಈಗ ಗೊರಕೆ ಶುರು. ನನಗೂ ಆಕಳಿಕೆ.

ಇವತ್ತು ಆರು ನಿಮಿಷ.

ಏಪ್ರಿಲ್ 18, ರಾತ್ರಿ 9:25

ಒಂಬತ್ತು ನಿಮಿಷ ಹತ್ತು ಸೆಕೆಂಡು. ಗುಂಡು ತಲೆಯ ಮೇಲೆ ನಿಂತಾಗ ಕಿಟಕಿಯಾಚೆ ಜನರ ಕಾಲುಗಳು ಕಾಣುತ್ತವೆ, ನೆಲಮಾಳಿಗೆಯಲ್ವಾ. ಇವತ್ತು ಒಬ್ಬಳು ಕೆಂಪು ಬೂಟಿನವಳು ಕೊಚ್ಚೆ ದಾಟಲು ಹೆದರಿ ನಿಂತಿದ್ದಳು, ಅವಳು ದಾಟುವವರೆಗೆ ನಾನೂ ಇಳಿಸಲಿಲ್ಲ.

ಅಮ್ಮ ಮೇ ನಾಲ್ಕನೇ ತಾರೀಖು ಟಿಕೆಟ್ ತೆಗೆಸಲು ಹತ್ತಿರದ ಪೇಟೆ ನಾರಿನ್‌ಗೆ ಹೋಗುತ್ತಾಳಂತೆ. ಅದಕ್ಕೆ ಮೊದಲು ಹೇಳಲೇಬೇಕು. ಸ್ಪರ್ಧೆ ಮುಗಿಯಲಿ, ಅವತ್ತೇ ಸಂಜೆ ಹೇಳುತ್ತೇನೆ. ಹಾಗೆಂದು ಜೋಯಾ ಚಿಕ್ಕಮ್ಮನಿಗೂ ಹೇಳಿಟ್ಟಿದ್ದೇನೆ, ತಪ್ಪಿಸಿಕೊಳ್ಳಲು ಆಗದಿರಲಿ ಎಂದು. ಅವರು ತಲೆಯಾಡಿಸಿ ಬೆರ್ರಿ ಹಣ್ಣಿನ ಜಾಮ್ ನೆಕ್ಕಿದರು.

ಏಪ್ರಿಲ್ 26, ರಾತ್ರಿ 8:50

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ನಾಳೆಗೆ ಮರೆತುಹೋಗುತ್ತದೆ.

ನಮ್ಮ ಗುಂಪಿನಲ್ಲಿ ಆರು ಜನ. ನೀಲಿ ಬಣ್ಣದ ಹನ್ನೆರಡು ಕೇಜಿ ಗುಂಡು ಎಲ್ಲರ ಮುಂದೆ ಒಂದೊಂದು. ಪ್ರತಿಯೊಬ್ಬರ ಎದುರಿಗೂ ಒಬ್ಬ ತೀರ್ಪುಗಾರ ಕೂತು ಗಟ್ಟಿಯಾಗಿ ಎಣಿಸುತ್ತಾನೆ. ನನ್ನವನಿಗೆ ಶೀತವಾಗಿತ್ತು, ಎಣಿಕೆಯ ನಡುವೆ ಮೂಗು ಒರೆಸಿಕೊಳ್ಳುತ್ತಿದ್ದ. ಮೊದಲೆರಡು ನಿಮಿಷ ಹಗುರ. ಪಕ್ಕದವಳು ನನಗಿಂತ ಬೇಗ ಹೋಗುತ್ತಿದ್ದಳು, ನಾನೂ ಬೇಗ ಹೋದೆ. ಮೂರನೇ ನಿಮಿಷಕ್ಕೆ ಆ ತರಾತುರಿ ಬಂತು. ಹೊರಡು, ಹೊರಡು. ಬಲಗೈ ಚೆನ್ನಾಗಿಯೇ ಇತ್ತು, ಆದರೂ ಗುಂಡು ಕೆಳಗೆ ಬಂದಾಗ ಎಡಗೈಗೆ ದಾಟಿಸಿಬಿಟ್ಟೆ.

ದಾಟಿಸಿದ ಮೇಲೆ ಗೊತ್ತಾಯಿತು. ಗಡಿಯಾರದಲ್ಲಿ ಇನ್ನೂ ಏಳು ನಿಮಿಷ. ಬಲಗೈ ಇನ್ನು ನನ್ನದಲ್ಲ. ನನ್ನ ಎಡಗೈ ಯಾವತ್ತೂ ನಾಲ್ಕೂವರೆ ನಿಮಿಷ ದಾಟಿಲ್ಲ. ಪಕ್ಕದ ಸಾಲಿನಲ್ಲಿ ಯಾರೋ ಅಯ್ಯೋ ಎಂದದ್ದು ಕೇಳಿಸಿತು. ಜೋಯಾ ಚಿಕ್ಕಮ್ಮ ಮುಖ ಮುಚ್ಚಿಕೊಂಡಿದ್ದರು. ಮುದುಕರು ಮಾತ್ರ ಎದ್ದು ವೇದಿಕೆಯ ಅಂಚಿಗೆ ಬಂದು, ಟ್ರಾಮ್ ಬಂತಾ ಎಂದು ಕೇಳುವ ದನಿಯಲ್ಲಿ ಹೇಳಿದರು.

"ಓಡೋಕೆ ಇನ್ನೊಂದು ಕೈ ಇಲ್ಲ ಮಗಳೇ. ಮೇಲೆ ನಿಲ್ಸು. ಉಸಿರು ಬಿಡು. ಆಮೇಲೆ ಇನ್ನೊಂದು."

ನಿಲ್ಲಿಸಿದೆ. ಮೂಗು ಸೋರುವವನು ಎಣಿಸುವುದನ್ನು ನಿಲ್ಲಿಸಿ ಕಾದ. ಎರಡು ಉಸಿರು. ಒಂದು. ಮತ್ತೆ ನಿಲ್ಲಿಸಿದೆ. ಉಳಿದವರು ಚಕಚಕನೆ ಹೋಗುತ್ತಿದ್ದರು, ನಾನು ಎರಡು ಉಸಿರಿಗೆ ಒಂದರಂತೆ, ಎಮ್ಮೆಯ ಹಾಗೆ. ಆರನೇ ನಿಮಿಷದಲ್ಲಿ ಪಕ್ಕದವಳು, ಅಷ್ಟು ಬೇಗ ಹೋಗುತ್ತಿದ್ದವಳು, ಗುಂಡನ್ನು ಧೊಪ್ಪೆಂದು ಇಳಿಸಿದಳು. ನನಗೂ ಇಳಿಸಬೇಕೆನಿಸಿತು, ಸುಳ್ಳು ಹೇಳುವುದಿಲ್ಲ, ಪ್ರತಿ ಸಲವೂ ಅನಿಸಿತು. ಎಂಟನೇ ನಿಮಿಷಕ್ಕೆ ಬೆರಳುಗಳು ನನ್ನವೇ ಅನ್ನುವುದು ಮರೆತುಹೋಯಿತು. ಅಂಗೈಯ ಗಂಟೊಂದು ಕಿತ್ತು ರಕ್ತ ಬಂತು. ಆಮೇಲೆ ಗಂಟೆ ಹೊಡೆದರು. ಗುಂಡು ಇನ್ನೂ ಮೇಲಿತ್ತು. ಇಳಿಸು, ಇಳಿಸು ಎಂದು ತೀರ್ಪುಗಾರನೇ ಹೇಳಬೇಕಾಯಿತು.

ಬಲಗೈ ಐವತ್ತೊಂದು, ಎಡಗೈ ಐವತ್ತೆಂಟು. ಹತ್ತೂ ನಿಮಿಷ ಮುಗಿಸಿದವರಲ್ಲಿ ನಾನೇ ಕೊನೆಯವಳು. ಮೊದಲು ಬಂದವಳದ್ದು ನೂರ ತೊಂಬತ್ತು. ಮುದುಕರು ನನ್ನ ಎಡಗೈಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಮೂರು ನಿಮಿಷಕ್ಕೆ ಕೈ ಬದಲಿಸಿ ಹತ್ತು ಮುಗಿಸಿದ ಮೂರ್ಖರನ್ನು ತಾನು ಇದುವರೆಗೆ ನೋಡಿರಲಿಲ್ಲ ಎಂದರು. ಆಮೇಲೆ ತಾವೇ ಪಟ್ಟಿ ಕಟ್ಟಿದರು, ತುಂಬ ಕೆಟ್ಟದಾಗಿ. ನಾನು ಬಿಚ್ಚಿ ಸರಿಯಾಗಿ ಕಟ್ಟಿಕೊಂಡೆ.

ಸಂಜೆ ಹಾಸ್ಟೆಲಿನ ಹಿಂದಿನ ಬೆಂಚಿನ ಮೇಲೆ ಕೂತು ನಾನೇ ಫೋನ್ ಮಾಡಿದೆ. ಅಮ್ಮ ಹಾಲು ಕರೆಯಲು ಹಟ್ಟಿಗೆ ಬಂದಿದ್ದಳು. ಊಟ ಆಯಿತಾ, ಚಳಿ ಇದೆಯಾ, ಎಲ್ಲ ಕೇಳಿದಳು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳಿದೆ.

"ಅಮ್ಮ, ಟಿಕೆಟ್ ತಗೋಬೇಡ. ನಾನು ಕಾಲೇಜು ಬಿಟ್ಟಿದೀನಿ. ಒಂದೂವರೆ ವರ್ಷದ ಮೇಲಾಯ್ತು. ನೆಲ ಒರೆಸೋ ಕೆಲಸ ಮಾಡ್ತೀನಿ. ಫೋಟೋದಲ್ಲಿರೋ ಕೋಟು ಮೇರಿಮ್ ಅಕ್ಕಂದು."

ಆ ಕಡೆ ಏನೂ ಇಲ್ಲ. ಕರೆ ಕತ್ತರಿಸಿದಳು ಎಂದುಕೊಂಡು ಫೋನ್ ನೋಡಿದೆ, ಸೆಕೆಂಡುಗಳು ಓಡುತ್ತಲೇ ಇದ್ದವು. ಹೆಬ್ಬೆರಳು ಕೆಂಪು ಗುಂಡಿಯ ಹತ್ತಿರ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಆಮೇಲೆ ಅಮ್ಮನ ದನಿ ಬಂತು.

"ಈಗ ನಾನು ಬೈಯೋ ಹಾಗಿಲ್ಲ. ಹಸು ಹೆದರಿದ್ರೆ ಹಾಲಿಳ್ಸಲ್ಲ. ಕರೆದು ಮುಗಿಸ್ತೀನಿ. ಫೋನ್ ಇಡ್ಬೇಡ."

ಫೋನನ್ನು ಎಲ್ಲೋ ಕಟ್ಟೆಯ ಮೇಲಿಟ್ಟಳು. ಖಾಲಿ ಬಕೆಟ್ಟಿಗೆ ಹಾಲು ಬೀಳುವ ಚುರ್ ಚುರ್ ಸದ್ದು. ಆಮೇಲೆ ಬಕೆಟ್ಟು ತುಂಬುತ್ತ ಬಂದ ಹಾಗೆ ಸದ್ದು ದಪ್ಪವಾಯಿತು. ನಡುವೆ ಒಂದೆರಡು ಸಲ ಅಮ್ಮ ಮೂಗೆಳೆದದ್ದು ಕೇಳಿಸಿತು. ಹಸುವಿಗೆ ಏನೋ ಹೇಳಿದಳು, ನನ್ನ ವಿಷಯವೇ ಇರಬೇಕು. ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಎದುರಿಗೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಮೂರನೇ ಮಹಡಿಯ ಹೆಂಗಸು ಕಾರ್ಪೆಟ್ ಬಡಿಯುತ್ತಿದ್ದಳು. ಹದಿನೆಂಟು ನಿಮಿಷ.

"ಇದೀಯಾ?" ಎಂದಳು.

"ಇದೀನಿ."

"ಝಾಕಿಪ್ ತಾತಂಗೆ ನಾನೇ ಹೇಳ್ತೀನಿ. ಡಾಕ್ಟರ್ ಹತ್ರ ಕರ್ಕೊಂಡೂ ಹೋಗ್ತೀನಿ. ಬೇರೆಯೋರಿಗೆ ಏನು ಹೇಳ್ಬೇಕು ಅಂತ ಯೋಚ್ನೆ ಮಾಡ್ಬೇಕು. ಬೈಗುಳನೂ ಯೋಚ್ನೆ ಮಾಡ್ಬೇಕು, ಇವತ್ತು ಒಂದೂ ಸರಿಯಾಗಿ ಬರ್ತಿಲ್ಲ. ನಿನ್ ದನಿ ಯಾಕೆ ಹಂಗಿದೆ, ಜ್ವರನಾ?"

ಜ್ವರ ಅಲ್ಲ, ಗುಂಡು ಎತ್ತಿದ್ದೆ ಎಂದೆ. ಯಾವ ಗುಂಡು ಎಂದಳು. ಸಂತೆಯಲ್ಲಿ ಆಲೂಗಡ್ಡೆ ತೂಗುವುದು ಎಂದೆ. ಅದನ್ನೂ ನಾಳೆಯೇ ಕೇಳುತ್ತೇನೆ, ಒಂದೇ ದಿನ ಎಲ್ಲ ಹೇಳಬೇಡ, ಹಾಲು ಕೆನೆಗಟ್ಟುವ ಮೊದಲು ಸೋಸಬೇಕು ಎಂದಳು. ಎಡಗೈ ಮೇಲಕ್ಕೇ ಏಳುತ್ತಿಲ್ಲ, ಬಲಗೈಯಲ್ಲಿ ಫೋನ್ ಹಿಡಿದು ಇದನ್ನು ಹೇಳುತ್ತಿದ್ದೇನೆ. ಮೇರಿಮ್ ಅಕ್ಕ ದೀಪ ಆರಿಸಲು ನನ್ನನ್ನೇ ಕಾಯುತ್ತಿದ್ದಾಳೆ.

ನಾಳೆ ಸಂಜೆ ಅಮ್ಮನ ಊರಲ್ಲಿ ಏಳೂವರೆ ಆದಾಗ ಇಲ್ಲಿ ಆರೂವರೆ. ಆರೂವರೆಗೆ ನಾನೇ ಫೋನ್ ಮಾಡಬೇಕು.